ಗ್ಯಾಸ್ ಗೀಸರ್ ಹತ್ಕೊಳ್ಳುತ್ತೆ, ಐದು ನಿಮಿಷಕ್ಕೆ ಆರಿ ಹೋಗುತ್ತೆ. ಮಲೆನಾಡಿನವರು ಯಾರಾದ್ರೂ ಹೇಳಿ

ತೋಟದಮನೆ:
ನಮ್ಮದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ. ಹೆಂಚಿನ ಮನೆ. ಹಿಂದುಗಡೆ ಬಚ್ಚಲು ಮಾತ್ರ ಹೊಸದು, ಟೈಲ್ಸ್ ಹಾಕಿ ಮೇಲೆ ಪಿವಿಸಿ ಶೀಟಿನ ಸೀಲಿಂಗ್ ಮಾಡಿಸಿದ್ದು. ಹಂಡೆ ಒಲೆ ಕಿತ್ತು ಅದೇ ಜಾಗದಲ್ಲಿ 6 ಲೀಟರಿನ ಗ್ಯಾಸ್ ಗೀಸರ್ ಕೂರಿಸಿದ್ದೇವೆ. ಬೇಸಿಗೆ ಪೂರ್ತಿ ಏನೂ ತಕರಾರಿಲ್ಲ. ಮಳೆ ಹಿಡಿದ ಮೇಲೆ ಶುರುವಾಯ್ತು. ನಲ್ಲಿ ತಿರುಗಿಸಿದ್ರೆ ಒಂದೊಂದು ಸಲ ಟಕ್ ಟಕ್ ಅಂತ ಸುಮಾರು ಹೊತ್ತು ಸದ್ದು ಮಾಡಿ ಸುಮ್ಮನಾಗುತ್ತೆ. ಒಂದೊಂದು ಸಲ ಡಬ್ ಅಂತ ಹತ್ಕೊಳ್ಳುತ್ತೆ. ಹತ್ಕೊಂಡ್ರೂ ಐದು ನಿಮಿಷ ಉರಿದು ತನ್ನಷ್ಟಕ್ಕೇ ಆರಿ ಹೋಗುತ್ತೆ, ಮೈಗೆಲ್ಲ ಸೋಪು ಹಚ್ಚಿಕೊಂಡ ಹೊತ್ತಿಗೆ ತಣ್ಣೀರು. ಸೆಲ್ ಹೊಸದು ಹಾಕಿದ್ದಾಯ್ತು. ಸಿಲಿಂಡರಲ್ಲಿ ಗ್ಯಾಸ್ ಇದೆ. ರಿಪೇರಿಯವರಿಗೆ ಫೋನ್ ಮಾಡಿದ್ರೆ ಮಳೆ ಹೊಳವಾಗಲಿ ಬರ್ತೀನಿ ಅಂತಾರೆ. ಈ ಕಡೆ ಮಳೆ ಹೊಳವಾಗೋದು ಯಾವಾಗ ಅಂತ ನಿಮಗೂ ಗೊತ್ತು. ನಾವೇ ನೋಡ್ಕೊಳ್ಳೋದು ಏನಾದ್ರೂ ಇದ್ಯಾ?

ಗಾಂಧಿಬಜಾರ್ ಗಿರಾಕಿ:
ಎಂಥ ಸೆಲ್ ಹಾಕಿದ್ರಿ? ಟಾರ್ಚಿಗೆ ಹಾಕೋ ಮಾಮೂಲಿ ದಪ್ಪ ಸೆಲ್ ಮಳೆಗಾಲದಲ್ಲಿ ಬೇಗ ಸೋರುತ್ತೆ. ಆಲ್ಕಲೈನ್ ಹಾಕಿ, ದುಡ್ಡು ಜಾಸ್ತಿ, ಆದ್ರೆ ತಲೆನೋವಿಲ್ಲ. ಎರಡೂ ಒಟ್ಟಿಗೇ ಬದಲಾಯಿಸಿ, ಒಂದು ಹಳೇದು ಒಂದು ಹೊಸದು ಮಾಡಬೇಡಿ. ಇನ್ನೊಂದು, ಬಹಳಷ್ಟು ಮಾಡೆಲಲ್ಲಿ 20 ನಿಮಿಷಕ್ಕೆ ತಾನೇ ಬಂದ್ ಆಗೋ ಟೈಮರ್ ಇರುತ್ತೆ. ಅದು ಕೆಟ್ಟಿದ್ದಲ್ಲ, ಇರಬೇಕಾದ್ದೇ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದ್ರೆ ಶುರುವಾಗುತ್ತೆ. ನಿಮ್ಮದು ಐದೇ ನಿಮಿಷ ಅಂದ್ರೆ ಅದಲ್ಲ ಬಿಡಿ.

ಹಂಡೆ ಪಾರ್ಟಿ:
ಹಂಡೆ ಒಲೆ ಕಿತ್ತ ಜಾಗದಲ್ಲಿ ಕೂರಿಸಿದ್ದೀರಿ ಅಂದ್ರಲ್ಲ, ಅದಕ್ಕೇ ಸಿಟ್ಟು ಬಂದಿದೆ ಅದಕ್ಕೆ. ನಮ್ಮನೇಲಿ ಇವತ್ತಿಗೂ ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಂದು ಕುಂಟೆ. ಸೆಲ್ಲೂ ಬೇಡ, ಸಿಲಿಂಡರೂ ಬೇಡ, ಇಡೀ ಮನೆಗೆ ಬಿಸಿನೀರು.

ತೋಟದಮನೆ:
ಹಂಡೆ ಪಾರ್ಟಿಯವರೇ, ಮಳೆಗಾಲಕ್ಕೆ ಒಣ ಕಟ್ಟಿಗೆ ಕೂಡಿಡೋರು ಯಾರು ನಮ್ಮನೇಲಿ? ಅಪ್ಪಯ್ಯಂಗೆ ಆಗಲ್ಲ, ನಾನು ಬೆಳಗ್ಗೆ ಬಸ್ಸು ಹಿಡೀಬೇಕು. ಕರೆಂಟ್ ಗೀಸರ್ ಹಾಕಿದ್ರೆ ಕರೆಂಟೇ ಇರಲ್ಲ, ಸೋಲಾರ್ ಅಂತೂ ಜೂನಿಂದ ಸೆಪ್ಟೆಂಬರ್‌ವರೆಗೆ ಅಲಂಕಾರಕ್ಕೆ.

ಸ್ಪ್ಯಾನರ್ ಸಾಗರ:
ನಾನು ಇದೇ ಕೆಲಸದವನು, ಸಾಗರ ಹೊಸನಗರ ಕಡೆ ಓಡಾಡ್ತೀನಿ. ಮೊದಲು ಈ ಪೆಟ್ಟಿಗೆ ಒಳಗೆ ಏನು ನಡೆಯುತ್ತೆ ಅಂತ ತಿಳ್ಕೊಂಡ್ರೆ ಅರ್ಧ ರಿಪೇರಿ ನೀವೇ ಮಾಡ್ತೀರಿ.

ನಲ್ಲಿ ತಿರುಗಿಸಿದಾಗ ಹರಿಯೋ ನೀರು ಒಳಗಿನ ರಬ್ಬರ್ ಡಯಾಫ್ರಾಮನ್ನ ತಳ್ಳುತ್ತೆ. ಅದು ಒಂದು ಪಿನ್ನನ್ನ ತಳ್ಳುತ್ತೆ, ಪಿನ್ನು ಮೈಕ್ರೋ ಸ್ವಿಚ್ಚನ್ನ ಆನ್ ಮಾಡುತ್ತೆ. ಆಗ ಎರಡು ಸೆಲ್ಲಿನ 3 ವೋಲ್ಟಿಂದ ಕಿಡಿ ಹಾರೋಕೆ ಶುರು, ಗ್ಯಾಸಿನ ವಾಲ್ವ್ ತೆರೆಯುತ್ತೆ. ಬೆಂಕಿ ಹತ್ತಿದ ಮೇಲೆ ಬರ್ನರ್ ಹತ್ರ ಇರೋ ಇನ್ನೊಂದು ಕಡ್ಡಿ ಉರಿಯನ್ನ ಗುರುತಿಸಿ 'ಹತ್ತಿದೆ' ಅಂತ ಸಿಗ್ನಲ್ ಕೊಡಬೇಕು. ಕೊಡಲಿಲ್ಲ ಅಂದ್ರೆ ಕೆಲವೇ ಸೆಕೆಂಡಿಗೆ ಗ್ಯಾಸ್ ಬಂದ್. ಇಷ್ಟೇ ಇರೋದು.

ಹಾಗಾಗಿ ಎಷ್ಟು ಹೊತ್ತಿಗೆ ನಿಲ್ಲುತ್ತೆ ಅನ್ನೋದರಲ್ಲೇ ಉತ್ತರ ಇರುತ್ತೆ. ನಲ್ಲಿ ಬಿಟ್ರೂ ಟಕ್ ಟಕ್ ಇಲ್ಲವೇ ಇಲ್ಲ ಅಂದ್ರೆ ನೀರಿನ ಒತ್ತಡ ಸಾಲದು, ಇಲ್ಲಾ ಫಿಲ್ಟರ್ ಕಟ್ಟಿದೆ, ಇಲ್ಲಾ ಡಯಾಫ್ರಾಮ್ ಹರಿದಿದೆ, ಇಲ್ಲಾ ಸೆಲ್ಲು. ಟಕ್ ಟಕ್ ಇದೆ, ಬೆಂಕಿ ಇಲ್ಲ ಅಂದ್ರೆ ಗ್ಯಾಸ್ ಬರ್ತಿಲ್ಲ ಅಥವಾ ಕಿಡಿ ಕಡ್ಡಿಗೆ ಮಸಿ ಹಿಡಿದಿದೆ. ಹತ್ತಿ ಐದಾರು ಸೆಕೆಂಡಿಗೆ ಆರಿದ್ರೆ ಆ ಎರಡನೇ ಕಡ್ಡಿ. ಹತ್ತಿ ಐದು ನಿಮಿಷ ಚೆನ್ನಾಗಿ ಉರಿದು ಆಮೇಲೆ ಆರಿದ್ರೆ ಯೋಚನೆ ಮಾಡಬೇಕಾದ ವಿಷಯ.

ಸದ್ಯಕ್ಕೆ ನೀವು ಮಾಡೋದು ಎರಡು. ಸೆಲ್ಲಿನ ಡಬ್ಬಿ ಬಿಚ್ಚಿ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಇದೆಯಾ ನೋಡಿ, ಇದ್ರೆ ಸ್ಯಾಂಡ್ ಪೇಪರಲ್ಲಿ ತಿಕ್ಕಿ ಹೊಳೆಯೋ ಹಾಗೆ ಮಾಡಿ. ಆಮೇಲೆ ನೀರು ಒಳಗೆ ಹೋಗೋ ಕಡೆ ಗೇಟ್ ವಾಲ್ವ್ ಬಂದ್ ಮಾಡಿ ಪೈಪ್ ಬಿಚ್ಚಿದ್ರೆ ಬೆರಳಿನ ತುದಿಯಷ್ಟು ಜಾಲರಿ ಇರುತ್ತೆ, ತೊಳೀರಿ. ಗ್ಯಾಸ್ ಪೈಪ್ ಕಡೆ ಯೂನಿಯನ್ನು, ಜೆಟ್ಟು (ಗ್ಯಾಸ್ ಚಿಮ್ಮೋ ಸಣ್ಣ ತೂತಿನ ತುಂಡು), ವಾಲ್ವು ಯಾವುದಕ್ಕೂ ಸ್ಪ್ಯಾನರ್ ಹಾಕಬೇಡಿ. ಅದು ನಮ್ಮ ಕೆಲಸ. ಮತ್ತೆ ಇದನ್ನ ನೋಡಿ ಹೇಳಿ: ಕಿಂಡೀಲಿ ಕಾಣೋ ಉರಿ ಯಾವ ಬಣ್ಣ?

ಮಳೆಮಾಪಕ:
ನೀರು ಎಲ್ಲಿಂದ ಬರುತ್ತೆ ನಿಮಗೆ? ಟ್ಯಾಂಕಾ, ಗುಡ್ಡದ ಅಬ್ಬಿ (ಝರಿ) ನೀರಾ?

ನೀರಿನ ಮಟ್ಟ 10 ಮೀಟರ್ ಮೇಲಿದ್ರೆ 1 ಬಾರ್ ಒತ್ತಡ. ಹೆಂಚಿನ ಮನೆಗೆ ತಾರಸಿ ಇಲ್ಲ, ಹಾಗಾಗಿ ನಮ್ಮ ಕಡೆ ಟ್ಯಾಂಕು ಮನೆ ಹಿಂದಿನ ದರೆ (ಕಡಿದ ಗುಡ್ಡದ ಅಂಚು) ಮೇಲೆ ಕೂತಿರುತ್ತೆ. ಗೀಸರಿಂದ 2-3 ಮೀಟರ್ ಎತ್ತರ ಅಷ್ಟೇ, ಅಂದ್ರೆ 0.2 ರಿಂದ 0.3 ಬಾರ್. ಗಡಿಯಲ್ಲಿ ನಿಂತ ಲೆಕ್ಕ. ಫಿಲ್ಟರಲ್ಲಿ ಸ್ವಲ್ಪ ಕೆಸರು ಕೂತ್ರೂ ಪಿನ್ನು ತಳ್ಳೋಕೆ ಶಕ್ತಿ ಸಾಲಲ್ಲ. ಇದಕ್ಕೆ ಉಲ್ಟಾ ಕತೆ ನಮ್ಮ ದಾಯಾದಿಗಳ ಮನೇದು: ಗುಡ್ಡದ ಮೇಲಿನ ಅಬ್ಬಿಗೆ ಪೈಪ್ ಹಾಕಿ ನೇರ ಗೀಸರಿಗೆ ಕೊಟ್ಟಿದ್ರು. ನಲವತ್ತು ಮೀಟರ್ ಮೇಲಿಂದ ಬಂದ್ರೆ 4 ಬಾರ್, ಡಯಾಫ್ರಾಮ್ ಹರಿದು ನೀರು ತೊಟ್ಟಿಕ್ಕೋಕೆ ಶುರು. ನಡುವೆ ಒಂದು ಟ್ಯಾಂಕ್ ಇಟ್ಟ ಮೇಲೆ ಸರಿಯಾಯ್ತು.

ತೋಟದಮನೆ:
ಸಾಗರದಣ್ಣ, ಹೇಳಿದ ಹಾಗೇ ಮಾಡಿದೆ. ಸ್ಪ್ರಿಂಗಿಗೆ ಕಿಲುಬು ಹಿಡಿದಿತ್ತು, ತಿಕ್ಕಿದೆ. ಜಾಲರಿ ತೆಗೆದ್ರೆ ಕೆಂಪು ಗಾರು, ಎರಡು ಕೊಳೆತ ಎಲೆ ಚೂರು, ಒಂದು ಸಣ್ಣ ಬಸವನಹುಳದ ಚಿಪ್ಪು! ನೀರು ದರೆ ಮೇಲಿನ ಟ್ಯಾಂಕಿಂದ, ಟ್ಯಾಂಕಿಗೆ ಅಬ್ಬಿಯಿಂದ. ಮಳೆ ಜೋರಾದ್ರೆ ನೀರು ಕೆಂಪಗೆ ಬರುತ್ತೆ, ಗೊತ್ತಲ್ಲ. ತೊಳೆದು ಹಾಕಿದ ಮೇಲೆ ಟಕ್ ಅಂದ ಕೂಡ್ಲೇ ಹತ್ಕೊಳ್ಳುತ್ತೆ. ಆದ್ರೆ ಐದು ನಿಮಿಷಕ್ಕೆ ಆರೋದು ಹಾಗೇ ಇದೆ. ಉರಿ ಕೆಳಗೆ ನೀಲಿ, ತುದಿಯೆಲ್ಲ ಹಳದಿ. ಮೇಲಿನ ತಗಡಿಗೆ ಕಪ್ಪು ಮಸಿ ಇದೆ, ಮುಂಚೆ ಇರಲಿಲ್ಲ.

ಶಿಕಾರಿಪುರದ ಬೋರ್:
ನಡುವೆ ನಂದೊಂದು. ನಮ್ಮದು ಬೋರ್ ನೀರು, ಬಿಳಿ ಉಪ್ಪು ಕಟ್ಟುತ್ತೆ. ಗೀಸರ್ ಕೆಳಗಿಂದ ಗುಳುಗುಳು ಸದ್ದು, ನೀರು ಸಣ್ಣಗೆ ಬರುತ್ತೆ, ಆದ್ರೆ ಕುದಿಯೋ ಹಂಗೆ ಬಿಸಿ. ಇದಕ್ಕೇನು?

ಸ್ಪ್ಯಾನರ್ ಸಾಗರ:
ಶಿಕಾರಿಪುರದವರಿಗೆ: ತಾಮ್ರದ ಸುರುಳಿ ಒಳಗೆ ಉಪ್ಪಿನ ಪದರ ಕಟ್ಟಿದೆ. ನೀರು ಹೋಗೋ ದಾರಿ ಸಣ್ಣದಾಗಿ ಒಳಗೇ ಕುದೀತಿದೆ, ಅದೇ ಸದ್ದು. ಗ್ಯಾಸ್ ಬಂದ್ ಮಾಡಿ, ಗೀಸರ್ ಇಳಿಸಿ, ಸುರುಳಿಗೆ ಸಿಟ್ರಿಕ್ ಆಸಿಡ್ ಕರಗಿಸಿದ ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ತೊಳೀಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪೇ ಅದು. ಟಾಯ್ಲೆಟ್ ತೊಳೆಯೋ ಆಸಿಡ್ ಹಾಕೋರಿದ್ದಾರೆ, ತಾಮ್ರ ತಿಂದು ಸೂಜಿ ತೂತು ಬೀಳುತ್ತೆ, ಆಮೇಲೆ ಬೆಸುಗೆ ಹಾಕಿದ್ರೂ ನಿಲ್ಲಲ್ಲ. ಬಿಸಿಯ ಗುಬುಟು ಕಡಿಮೆಗೆ ಇಟ್ಟು ನೀರು ಜಾಸ್ತಿ ಬಿಟ್ಟು ಬಳಸಿದ್ರೆ ಉಪ್ಪು ನಿಧಾನಕ್ಕೆ ಕಟ್ಟುತ್ತೆ.

ತೋಟದಮನೆಯವರಿಗೆ: ಹಳದಿ ಉರಿ, ಮಸಿ ಎರಡೂ ನನಗೆ ಇಷ್ಟ ಆಗಲಿಲ್ಲ. ಉರಿಗೆ ಗಾಳಿ ಸಾಲ್ತಾ ಇಲ್ಲ ಅಂತ ಅರ್ಥ. ಬಚ್ಚಲಲ್ಲಿ ಗಾಳಿ ಆಡೋಕೆ ಏನಿದೆ?

ಗಾಂಧಿಬಜಾರ್ ಗಿರಾಕಿ:
ಗ್ಯಾಸ್ ಎಷ್ಟು ತಿನ್ನುತ್ತೆ ಅಂತ ಯಾರಾದ್ರೂ ಲೆಕ್ಕ ಹಾಕಿದ್ದೀರಾ? ಮನೇಲಿ ದಿನಾ ಜಗಳ, ಕರೆಂಟ್ ಗೀಸರೇ ಅಗ್ಗ ಅಂತ.

ಮಳೆಮಾಪಕ:
ಹಾಕೋಣ. 20 ಲೀಟರ್ ಬಕೆಟ್ಟು, ತಣ್ಣೀರು 20 ಡಿಗ್ರಿ, ಸ್ನಾನಕ್ಕೆ 42 ಡಿಗ್ರಿ. 22 ಡಿಗ್ರಿ ಏರಿಸೋಕೆ 440 ಕಿಲೋ ಕ್ಯಾಲೊರಿ ಬೇಕು. ಗೀಸರ್ ನೂರಕ್ಕೆ ಎಂಬತ್ತು ಪಾಲು ಶಾಖ ನೀರಿಗೆ ಕೊಡುತ್ತೆ ಅಂತ ಇಟ್ಕೊಳ್ಳಿ, 550 ಕಿಲೋ ಕ್ಯಾಲೊರಿ ಉರಿಸಬೇಕು. ಒಂದು ಕೆ.ಜಿ. ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋ ಕ್ಯಾಲೊರಿ. ಅಲ್ಲಿಗೆ ಬಕೆಟ್ಟಿಗೆ 50 ಗ್ರಾಂ, 14.2 ಕೆ.ಜಿ. ಸಿಲಿಂಡರಿಗೆ 280ರ ಆಸುಪಾಸು ಬಕೆಟ್ಟು. ಕರೆಂಟಲ್ಲಿ ಅದೇ ಬಕೆಟ್ಟಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಸಿಲಿಂಡರ್ ರೇಟು, ಯೂನಿಟ್ ರೇಟು ಹಾಕಿ ನೋಡ್ಕೊಳ್ಳಿ, ಜಗಳ ಇವತ್ತೇ ಮುಗಿಯುತ್ತೆ.

ಹಂಡೆ ಪಾರ್ಟಿ:
ಲೆಕ್ಕದಿಂದ ಗಂಡ ಹೆಂಡತಿ ಜಗಳ ಮುಗಿದಿದ್ದು ನಾನು ನೋಡಿಲ್ಲ.

ತೋಟದಮನೆ:
ಗಾಳಿ ಬಗ್ಗೆ ಕೇಳಿದ್ರಲ್ಲ. ಮೇಲೆ ಒಂದು ಜಾಲಂಧ್ರ ಇದೆ. ಆದ್ರೆ ಪಡುವಣ ಗೋಡೆ, ಇರಚಲು ಹೊಡೆಯುತ್ತೆ ಅಂತ ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಆ ಗೋಡೆಗೆಲ್ಲ ಟಾರ್ಪಾಲು ಕಟ್ಟಿಸ್ತಾರೆ, ಪ್ರತಿ ವರ್ಷದ ಪದ್ಧತಿ. ಮೊದಲಾದ್ರೆ ಸೋಗೆ ತಟ್ಟಿ ಕಟ್ತಿದ್ರು. ನಿನ್ನೆ ಒಂದು ವಿಚಿತ್ರ ಗಮನಿಸಿದೆ: ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿದ್ರೆ ಎಷ್ಟು ಹೊತ್ತಾದ್ರೂ ಆರಲ್ಲ. ಬಾಗಿಲು ಹಾಕಿದ್ರೆ ಐದು ನಿಮಿಷಕ್ಕೆ ಆರುತ್ತೆ. ಆಮೇಲೆ ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಮಗಳು ಸ್ನಾನ ಮುಗಿಸಿ ಬಂದ್ರೆ ತಲೆ ಭಾರ, ವಾಂತಿ ಬಂದ ಹಾಗೆ ಆಗುತ್ತೆ ಅಂತಾಳೆ. ತೀರಾ ಬಿಸಿನೀರು ಹೊಯ್ಕೊಳ್ತಾಳೆ, ಅದಕ್ಕಿರಬೇಕು.

ನೈಟ್ ಡ್ಯೂಟಿ:
ದಯವಿಟ್ಟು ಈಗಲೇ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ನಾಳೆ ಬೆಳಗ್ಗೆ ಆ ಮಗು ಆ ಬಚ್ಚಲಲ್ಲಿ ಗೀಸರ್ ಹಾಕಿ ಸ್ನಾನ ಮಾಡೋದು ಬೇಡ. ಒಲೆ ಮೇಲೆ ನೀರು ಕಾಯಿಸಿ ಕೊಡಿ.

ನಾನು ನರ್ಸು, ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ. ಗಾಳಿ ಸಾಲದೆ ಉರಿದ ಗ್ಯಾಸಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯಲ್ಲ. ಸಿಲಿಂಡರ್ ಸೋರಿದ್ರೆ ಬರೋ ವಾಸನೆ ಬೇರೆ, ಅದು ಗೊತ್ತಾಗಲಿ ಅಂತ ಬೆರೆಸಿರೋ ಮರ್‌ಕ್ಯಾಪ್ಟನ್ನಿನದು. ಉರಿದು ಹೋದ ಮೇಲೆ ಆ ವಾಸನೇನೂ ಇರಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದು 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆಭಾರ, ವಾಕರಿಕೆ, ಕಾಲು ಸೋತ ಹಾಗೆ. ಆಮೇಲೆ ಎದ್ದು ಬಾಗಿಲ ಚಿಲಕ ತೆಗೆಯೋಕೂ ಶಕ್ತಿ ಇರಲ್ಲ. ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡ್ತಾರೆ, ಅವರಿಗೆ ಬೇಗ ತಟ್ಟುತ್ತೆ. ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ ಅನ್ನೋದೇ ಮೋಸ, ಎಲ್ಲರೂ ಪಿತ್ತ ಅಂದ್ಕೊಂಡು ಸುಮ್ಮನಾಗ್ತಾರೆ.

ಕೊರೋನಾ ಕಾಲದಲ್ಲಿ ತಗೊಂಡ ಬೆರಳಿಗೆ ಹಾಕೋ ಆಕ್ಸಿಮೀಟರ್ ಮನೇಲಿ ಇರಬಹುದು. ಅದನ್ನ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ಇರೋ ರಕ್ತ ಅಂತಲೇ ಓದುತ್ತೆ, 98 ತೋರಿಸುತ್ತೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗೋದು. ಮಗುವನ್ನ ಒಂದು ಸಲ ಡಾಕ್ಟರಿಗೆ ತೋರಿಸಿ, 'ಗ್ಯಾಸ್ ಗೀಸರ್ ಇರೋ ಬಚ್ಚಲಲ್ಲಿ ಸ್ನಾನ ಮಾಡಿದ ಮೇಲೆ ಹೀಗಾಗುತ್ತೆ' ಅನ್ನೋ ಮಾತನ್ನ ಬಿಡದೆ ಹೇಳಿ. ಆ ಒಂದು ಮಾತು ಹೇಳದೆ ಫಿಟ್ಸಿನ ಮಾತ್ರೆ ತಿಂದವರೂ ಇದ್ದಾರೆ.

ಯಾರಾದ್ರೂ ಬಚ್ಚಲಲ್ಲಿ ಬಿದ್ದರೆ, ಓದ್ತಿರೋ ಎಲ್ಲರಿಗೂ ಹೇಳ್ತಿದ್ದೀನಿ: ಬಾಗಿಲು ಒಡೆದು ಮೊದಲು ಹೊರಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ಬರೀ ಗಾಳಿಯಲ್ಲಿ ಆ ವಿಷ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕು, ಮಾಸ್ಕಲ್ಲಿ ಪೂರ್ತಿ ಆಮ್ಲಜನಕ ಕೊಟ್ರೆ ಒಂದೂವರೆ ಗಂಟೆ ಒಳಗೆ. ಅದಕ್ಕೇ ಮನೇಲಿ ನಿಂಬೆ ಶರಬತ್ತು ಕುಡಿಸಿ ಕೂರೋದಲ್ಲ, ತಾಲ್ಲೂಕಾಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕರ್ಕೊಂಡು ಹೋಗಿ.

ಮಳೆಮಾಪಕ:
ನೈಟ್ ಡ್ಯೂಟಿಯವರು ಹೇಳಿದ್ದಕ್ಕೆ ಒಂದು ಅಂದಾಜು ಸೇರಿಸ್ತೀನಿ. 6 ಲೀಟರಿನ ಗೀಸರ್ ಪೂರ್ತಿ ಉರಿದ್ರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಗ್ಯಾಸ್. ಒಂದು ಕೆ.ಜಿ. ಉರಿಯೋಕೆ 12 ಘನ ಮೀಟರಿನಷ್ಟು ಗಾಳಿ ಬೇಕು. ಕಾಲು ಗಂಟೆ ಸ್ನಾನಕ್ಕೆ ಮೂರು ಘನ ಮೀಟರ್ ಹತ್ರ. 6 ಅಡಿಗೆ 5 ಅಡಿ, 8 ಅಡಿ ಎತ್ತರದ ಬಚ್ಚಲಲ್ಲಿ ಇರೋ ಗಾಳಿಯೇ ಏಳು ಘನ ಮೀಟರಿಗಿಂತ ಕಡಿಮೆ. ಗಾಳಿ ಅರ್ಧ ಖರ್ಚಾಗೋಕೆ ಎಷ್ಟೋ ಮೊದಲೇ ಉರಿ ಕೆಡುತ್ತೆ. ನಿಮ್ಮ ಗೀಸರ್ ಐದು ನಿಮಿಷಕ್ಕೆ ಆರ್ತಿದ್ದುದು ಕೆಟ್ಟಿದ್ದಕ್ಕಲ್ಲ ಅನ್ಸುತ್ತೆ. ಉರಿ ಕೆಟ್ಟು ಆ ಕಡ್ಡಿಗೆ ಸಿಗ್ನಲ್ ಸಿಗದೆ ಅದು ತಾನೇ ಬಂದ್ ಮಾಡ್ಕೊಳ್ತಿತ್ತು. ಪುಣ್ಯಕ್ಕೆ.

ಸ್ಪ್ಯಾನರ್ ಸಾಗರ:
ಬಾಗಿಲು ತೆಗೆದ್ರೆ ಆರಲ್ಲ ಅನ್ನೋದನ್ನ ಮೊದಲೇ ಹೇಳಬೇಕಿತ್ತು ಮಾರಾಯ್ರೇ. ಗೀಸರ್ ಮುಟ್ಟಬೇಡಿ ಈಗ. ಟಾರ್ಪಾಲು ಬಿಚ್ಚಿದ್ರೂ ಬಚ್ಚಲ ಒಳಗೆ ಅದು ಇರೋದೇ ತಪ್ಪು ಜಾಗ. ಹಂಡೆ ಒಲೆ ಇದ್ದಾಗ ಹೆಂಚಿನ ಸಂದೀಲಿ ಹೊಗೆ ಹೋಗ್ತಿತ್ತು, ಈಗ ಮೇಲೆ ಪಿವಿಸಿ ಸೀಲಿಂಗ್, ಕೆಳಗೆ ಟೈಲ್ಸು, ಬಾಗಿಲಿಗೆ ರಬ್ಬರ್ ಬೀಡಿಂಗು. ಎಲ್ಲಿ ಹೋಗ್ಬೇಕು ಹೊಗೆ? ಗೀಸರನ್ನ ಹೊರ ಗೋಡೆಗೆ, ಮಾಡಿನ ಕೆಳಗೆ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಗೋಡೆ ತೂತು ಮಾಡಿ ಒಳಗೆ ತಗೊಳ್ಳಿ.

ಇನ್ನೊಂದು, ರಿಪೇರಿಯವರು ಬಂದಾಗ ಬರ್ನರಿನ ಬಾಯಿ ಬಿಚ್ಚಿ ನೋಡೋಕೆ ಹೇಳಿ. ಬರೀ ಕೋಣೆಯ ಗಾಳಿ ಕೊರತೆಗೆ ಅಷ್ಟು ಬೇಗ ಅಷ್ಟು ಮಸಿ ಕೂರಲ್ಲ. ನನಗೆ ಬೇರೆ ಅನುಮಾನ ಇದೆ.

ಮತ್ತೆ ಎಲ್ಲರಿಗೂ: ಗೀಸರಿನ ನೆತ್ತಿ ಮೇಲಿನ ಸೀಳು ಹೊಗೆ ಹೋಗೋಕೆ ಇರೋದು. ಮಳೆಗಾಲದಲ್ಲಿ ಬಟ್ಟೆ ಒಣಗಲ್ಲ ಅಂತ ಶಾಲೆಗೆ ಹೋಗೋ ಮಕ್ಕಳ ಸಾಕ್ಸು, ಬನಿಯನ್ನು ಅದರ ಮೇಲೆ ಹರಡೋ ಮನೆಗಳನ್ನ ಎಷ್ಟೋ ನೋಡಿದ್ದೀನಿ.

ಹಂಡೆ ಪಾರ್ಟಿ:
ತಮಾಷೆ ಬಿಟ್ಟು ಹೇಳ್ತೀನಿ, ನೈಟ್ ಡ್ಯೂಟಿಯವರು ಹೇಳಿದ್ದು ಓದಿ ಕೈಕಾಲು ತಣ್ಣಗಾಯ್ತು. ನಮ್ಮ ಹಂಡೆಯಲ್ಲಿ ಈ ರಗಳೆ ಇಲ್ಲ ಅನ್ನೋದೊಂದು ಸಮಾಧಾನ.

ನೈಟ್ ಡ್ಯೂಟಿ:
ಇದೆ. ಹೊಗೆ ಕಣ್ಣಿಗೆ ಬಂದು ನೀವು ಬಾಗಿಲು ತೆಗೀತೀರಿ, ಅಷ್ಟೇ ವ್ಯತ್ಯಾಸ. ಹೊಗೆ ನಿಂತು ಬರೀ ಕೆಂಡ ಉಳಿದಾಗ ಅದರಿಂದ ಬರೋದೂ ಇದೇ ವಿಷ. ಬಾಣಂತಿ ಕೋಣೇಲಿ ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡ್ತಾರಲ್ಲ, ದಯವಿಟ್ಟು ಬೇಡ. ಅಜ್ಜಿ ಬೈದ್ರೂ ಬೇಡ.

ಗಾಂಧಿಬಜಾರ್ ಗಿರಾಕಿ:
ನಮ್ಮ ಗೀಸರ್ ಬಚ್ಚಲ ಹೊರಗೆ ಇದೆ, ಆದ್ರೆ ಪಾತ್ರೆ ತೊಳೆಯೋ ಕಟ್ಟೆಯ ಜಾಗದಲ್ಲಿ, ಅದಕ್ಕೂ ಗ್ರಿಲ್ಲಿಗೆ ಗಾಜು ಹಾಕಿಸಿದ್ದೀವಿ. ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಸಾಕಲ್ವಾ?

ಸ್ಪ್ಯಾನರ್ ಸಾಗರ:
ಸಾಲದು, ಇನ್ನೂ ಕೆಟ್ಟದ್ದು. ಬಚ್ಚಲ ಫ್ಯಾನು ಒಳಗಿನ ಗಾಳಿ ಹೊರಗೆ ಹಾಕುತ್ತೆ, ಆ ಗಾಳಿಯ ಬದಲು ಬಾಗಿಲ ಸಂದೀಲಿ ಕಟ್ಟೆಯ ಕಡೆಯಿಂದ ಗೀಸರಿನ ಹೊಗೆಯನ್ನ ಒಳಗೆ ಎಳೆಯುತ್ತೆ. ಗಾಜು ಒಂದು ಕಡೆ ತೆಗೆಸಿ, ಇಲ್ಲಾ ಗೀಸರ್ ತಲೆಗೆ ಕೊಳವೆ ಹಾಕಿ ಗೋಡೆಯಾಚೆಗೆ ಬಿಡಿ. ಆ ಕೊಳವೆ ಮೇಲಕ್ಕೆ ಏರಿರಬೇಕು, ಕೆಳಗೆ ಬಗ್ಗಿ ಹೋಗಬಾರದು, ಇನ್ನೊಂದು ಕಿಟಕಿಯ ಹತ್ರ ಬಾಯಿ ಬಿಡಬಾರದು.

ಗಾಂಧಿಬಜಾರ್ ಗಿರಾಕಿ:
ಗ್ಯಾಸ್ ಅಲಾರಂ ಅಂತ ಒಂದು ಮನೇಲಿದೆ. ಅದು ಕೂಗಲ್ವಾ?

ಮಳೆಮಾಪಕ:
ಯಾವುದು ಅಂತ ನೋಡಿ. ಅಂಗಡೀಲಿ ಸಿಗೋದು ಬಹುತೇಕ ಎಲ್‌ಪಿಜಿ ಸೋರಿದ್ರೆ ಕೂಗೋದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ರ ಕೂರುತ್ತೆ, ಆ ಅಲಾರಂ ಕೆಳಗೆ ಹಾಕ್ತಾರೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕ, ಕೋಣೆ ತುಂಬ ಬೆರೆಯುತ್ತೆ. ಅದರ ಅಲಾರಂ ಬೇರೆ, ನಾವು ಉಸಿರಾಡೋ ಎತ್ತರದಲ್ಲಿ ಹಾಕಬೇಕು. ಒಂದು ಇದ್ದರೆ ಇನ್ನೊಂದರ ಕೆಲಸ ಆಗಲ್ಲ.

ತೋಟದಮನೆ:
ಎಲ್ಲರಿಗೂ ಮೊದಲು ಇದು: ಮಗಳನ್ನ ತೀರ್ಥಹಳ್ಳೀಲಿ ಡಾಕ್ಟರಿಗೆ ತೋರಿಸಿದ್ವಿ. ನೈಟ್ ಡ್ಯೂಟಿಯಕ್ಕ ಹೇಳಿಕೊಟ್ಟ ಮಾತನ್ನ ಹಾಗೇ ಹೇಳಿದೆ. ಗೀಸರ್ ಬಂದ್ ಮಾಡಿದ ಮೇಲೆ ತಲೆಭಾರ ಅಂದಿಲ್ಲ ಅವಳು.

ರಿಪೇರಿಯವರು ಕೊನೆಗೂ ಬಂದ್ರು. ಸಾಗರದಣ್ಣನ ಅನುಮಾನ ಏನಿತ್ತೋ, ಬರ್ನರ್ ಬಿಚ್ಚಿದ್ರೆ ಮಣ್ಣಿನ ಗೂಡು! ಗಾಳಿ ಎಳ್ಕೊಳ್ಳೋ ಸಾಲು ತೂತುಗಳಲ್ಲಿ ಮೂರಕ್ಕೆ ಕಣಜ ಕೆಂಪು ಮಣ್ಣು ಮೆತ್ತಿ ನುಣ್ಣಗೆ ಮುಚ್ಚಿಬಿಟ್ಟಿದೆ. ಸ್ಕ್ರೂಡ್ರೈವರ್ ತುದೀಲಿ ಒಡೆದ್ರೆ ಒಳಗಿಂದ ಪುಡಿ ಪುಡಿ ಜೇಡ ಉದುರಿದ್ವು, ಒಂದಿಷ್ಟು ಇನ್ನೂ ಹಸಿಯಾಗೇ ಇದ್ವು, ಜೊತೆಗೆ ಒಂದು ಬಿಳೀ ಮರಿಹುಳ. ಮರಿಗೆ ಅಂತ ಕೂಡಿಟ್ಟ ಊಟ. ಮಗಳು ಅಲ್ಲೇ ಕೂತು ಜೇಡ ಎಣಿಸ್ತಿದ್ಲು, ಏಳಿಸೋಕೇ ಆಗಲಿಲ್ಲ. ಮೇಲಿನ ತಾಮ್ರದ ರೆಕ್ಕೆಗಳ ಸಂದೀಲಿ ಮಸಿ ಗಟ್ಟಿಯಾಗಿತ್ತು, ಬ್ರಶ್ಶಲ್ಲಿ ಉಜ್ಜಿ ತೆಗೆದ್ರು. ಈಗ ಉರಿ ಪೂರ್ತಿ ನೀಲಿ.

ಗೀಸರ್ ಹೊರಗೆ ಹಾಕಿಸಿದ್ದೇವೆ. ಪಡುವಣ ಗೋಡೆ ಬೇಡ ಅಂತ ಬಡಗಣ ಗೋಡೆಗೆ, ಮಾಡಿನ ಅಡಿ. ಅಪ್ಪಯ್ಯನೇ ಏಣಿ ಹತ್ತಿ ಜಾಲಂಧ್ರದ ಟಾರ್ಪಾಲು ಬಿಚ್ಚಿದ್ರು, ಅದರ ಬದಲು ಹೊರಗೆ ಒಂದು ತಗಡಿನ ಮಾಡು ಹೊಡೆಸ್ತಾರಂತೆ, ಇರಚಲೂ ಬರಬಾರದು, ಗಾಳಿಯೂ ನಿಲ್ಲಬಾರದು ಅಂತ. ಒಂದೇ ಬೇಜಾರು, ಪೈಪ್ ಉದ್ದ ಆಯ್ತು, ಮೊದಲು ಅರ್ಧ ಬಕೆಟ್ ತಣ್ಣೀರು ಬರುತ್ತೆ.

ಸ್ಪ್ಯಾನರ್ ಸಾಗರ:
ಅದೇ ಅನುಮಾನ ಇದ್ದಿದ್ದು. ಮಲೆನಾಡಲ್ಲಿ ಬೇಸಿಗೆ ಕೊನೇಲಿ ಕಣಜ ತೂತು ಹುಡುಕ್ತಾ ಇರುತ್ತೆ. ನಿಮಗೂ ಬೇಸಿಗೇಲಿ ಬಿಸಿನೀರಿನ ಕೆಲಸ ಕಡಿಮೆ, ಗೀಸರ್ ತಣ್ಣಗಿರುತ್ತೆ. ಮಳೆ ಶುರುವಾಗಿ ಹಚ್ಚೋ ಹೊತ್ತಿಗೆ ಗೃಹಪ್ರವೇಶ ಆಗಿರುತ್ತೆ.

ಹೊರಗೆ ಹಾಕಿದ್ದಕ್ಕೆ ಒಂದೆರಡು ಮಾತು. ಇಲಿ, ಹೆಗ್ಗಣ ರಬ್ಬರ್ ಪೈಪ್ ಕಡೀತಾವೆ. ಒಳಗೆ ತಂತಿ ಬಲೆ ಇರೋ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಹಾಕಿ, ಅದನ್ನೂ ಐದು ವರ್ಷಕ್ಕೆ ಬದಲಾಯಿಸಿ, ತಾರೀಕು ಪೈಪ್ ಮೇಲೇ ಅಚ್ಚಾಗಿರುತ್ತೆ. ಸಿಲಿಂಡರ್ ನಿಲ್ಲಿಸೇ ಇಡಬೇಕು, ಗುಂಡಿಯಲ್ಲೋ ನೆಲಕ್ಕಿಂತ ತಗ್ಗಲ್ಲೋ ಬೇಡ. ರೆಗ್ಯುಲೇಟರ್ ಮನೆಗೆ ಕೊಡೋ ಮಾಮೂಲಿಯದ್ದೇ ಇರಲಿ. ಉರಿ ಸಣ್ಣ ಅಂತ ಹೋಟೆಲ್ ಒಲೆಗೆ ಹಾಕೋ ಹೈ ಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸೋರು ಇದ್ದಾರೆ, ಈ ಗೀಸರ್ ಮಾಡಿರೋದು 30 ಮಿಲಿಬಾರಿಗೆ. ಪೈಪ್ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಬೆಂಕಿಕಡ್ಡಿ ಗೀರಿ ನೋಡೋದಲ್ಲ. ಸೋರಿಕೆ ವಾಸನೆ ಬಂದ್ರೆ ಲೈಟ್ ಸ್ವಿಚ್ ಸಹ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹೊಸ ಗೀಸರ್ ತಗೊಳ್ಳೋರು ಐಎಸ್‌ಐ ಗುರುತಿನ ಹತ್ರ ಐಎಸ್ 15558 ಅಂತ ಇದೆಯಾ ನೋಡಿ.

ನಲ್ಲಿ ನಿಲ್ಲಿಸಿದ ಮೇಲೂ ಉರಿ ಆರದೆ ಇದ್ರೆ ಮಾತ್ರ ತಡ ಮಾಡಬೇಡಿ. ಪಿನ್ನು ಸಿಕ್ಕಿಕೊಂಡಿರುತ್ತೆ, ನೀರಿಲ್ಲದ ತಾಮ್ರಕ್ಕೆ ಬೆಂಕಿ. ಸೆಲ್ ಕೀಳೋದು ಆಮೇಲೆ, ಮೊದಲು ಸಿಲಿಂಡರ್ ಬಂದ್.

ಶಿಕಾರಿಪುರದ ಬೋರ್:
ಸಿಟ್ರಿಕ್ ಆಸಿಡ್ ಹಾಕಿದೆ ಸಾರ್. ಸುಣ್ಣದ ಗಂಜಿ ಹಂಗೆ ಹೊರಗೆ ಬಂತು. ಸದ್ದು ನಿಂತಿದೆ. ಮತ್ತೊಂದು, ಡಿಸೆಂಬರಲ್ಲಿ ಬೆಳಗ್ಗೆ ಸಿಲಿಂಡರ್ ಖಾಲಿ ಆದಂಗೆ ಉರಿ ಸಣ್ಣ ಆಗುತ್ತೆ, ಅಲ್ಲಾಡಿಸಿದ್ರೆ ಒಳಗೆ ಗ್ಯಾಸ್ ಇರುತ್ತೆ. ಯಾಕೆ?

ಮಳೆಮಾಪಕ:
ಒಳಗಿರೋದು ಪ್ರೊಪೇನ್ ಮತ್ತು ಬ್ಯೂಟೇನ್ ಮಿಶ್ರಣ, ದ್ರವ ರೂಪದಲ್ಲಿ. ಪ್ರೊಪೇನ್ ಚಳೀಲೂ ಸಲೀಸಾಗಿ ಆವಿಯಾಗುತ್ತೆ, ಮೊದಲು ಜಾಸ್ತಿ ಅದೇ ಖಾಲಿಯಾಗೋದು. ಕೊನೆಗೆ ಉಳಿಯೋದರಲ್ಲಿ ಬ್ಯೂಟೇನ್ ಹೆಚ್ಚು, ಅದು ಕುದಿಯೋದೇ ಸೊನ್ನೆ ಡಿಗ್ರಿ ಹತ್ರ, ಹಾಗಾಗಿ ಚಳಿಗೆ ಒತ್ತಡ ಬೀಳುತ್ತೆ. ಗ್ಯಾಸ್ ಆವಿಯಾಗ್ತಾ ಸಿಲಿಂಡರನ್ನೂ ತಣ್ಣಗೆ ಮಾಡುತ್ತೆ, ಹೊರಗೆ ನೀರಹನಿ ಕಟ್ಟಿರೋದು ನೋಡಿರ್ತೀರಿ. ಆ ಸಿಲಿಂಡರನ್ನ ಅಡುಗೆ ಒಲೆಗೆ ಹಾಕಿ, ಒಲೆ ನಿಧಾನಕ್ಕೆ ಎಳೆಯುತ್ತೆ, ನಡೆಯುತ್ತೆ. ತುಂಬಿದ್ದನ್ನ ಗೀಸರಿಗೆ ಹಾಕಿ. ಸಿಲಿಂಡರನ್ನ ಬಿಸಿನೀರಲ್ಲಿ ಇಡೋದು, ಒಲೆ ಹತ್ರ ಇಡೋದು ಮಾತ್ರ ಬೇಡವೇ ಬೇಡ.

ತೋಟದಮನೆ:
ಕೊನೇ ಪ್ರಶ್ನೆ ಸಾಗರದಣ್ಣ. ಕಣಜ ಮತ್ತೆ ಬರದ ಹಾಗೆ ಗೀಸರಿನ ಕೆಳಗೆ ಸೊಳ್ಳೆ ಪರದೆಯ ಮೆಶ್ ಅಂಟಿಸ್ಲಾ?

ಸ್ಪ್ಯಾನರ್ ಸಾಗರ:
ಬೇಡ. ಸಣ್ಣ ಕಣ್ಣಿನ ಮೆಶ್ಶಿಗೆ ಧೂಳು, ಬಲೆ ಎಲ್ಲ ಹಿಡಿದು ಕಣಜ ಮಾಡಿದ ಕೆಲಸವನ್ನೇ ಅದೂ ಮಾಡುತ್ತೆ, ಜೊತೆಗೆ ಪ್ಲಾಸ್ಟಿಕ್ ಆದ್ರೆ ಕರಗುತ್ತೆ. ಬೇಸಿಗೇಲೂ ವಾರಕ್ಕೆ ಒಂದೆರಡು ಸಲ ಹಚ್ಚಿ ಒಂದು ಬಕೆಟ್ ನೀರು ಬಿಡಿ, ಬಿಸಿಯಾಗೋ ಜಾಗದಲ್ಲಿ ಅದು ಗೂಡು ಕಟ್ಟಲ್ಲ. ಮೇ ಕೊನೇಲಿ ಟಾರ್ಚ್ ಹಾಕಿ ಕೆಳಗಿಂದ ನೋಡಿ. ಮಣ್ಣು ಕಂಡ್ರೆ ಕಡ್ಡಿ ಹಾಕಿ ಚುಚ್ಚಬೇಡಿ, ಪುಡಿ ಜೆಟ್ಟಿಗೆ ಹೋಗುತ್ತೆ. ಫೋನ್ ಮಾಡಿ, ಮಳೆಗೆ ಮುಂಚೆ ಆದ್ರೆ ನಾನೇ ಬರ್ತೀನಿ.